ಕಾರ್ನರ್ ಬಿರಾದಾರರು

ನಾಸಿಕದ ಪಂಚವಟಿಯಲ್ಲಿ ಪ್ರೇಮಾಬಾಯಿಯ ಚಹಾದಂಗಡಿಯ ಮುಂದೆ ಎರಡು ಬೆಂಚುಗಳಿವೆ. ಒಂದರ ಮೇಲೆ ಡಿಫೆನ್ಸಿನವರು ಕೂಡುತ್ತಾರೆ, ಇನ್ನೊಂದರ ಮೇಲೆ ಅಟ್ಯಾಕಿನವರು. ಹೀಗೆಂದು ಎಲ್ಲಿಯೂ ಬೋರ್ಡು ಹಾಕಿಲ್ಲ. ಆದರೆ ಹೊಸಬರು ಗೊತ್ತಿಲ್ಲದೆ ಬಂದು ಕೂತರೆ ಅರ್ಧ ಗ್ಲಾಸು ಚಹಾ ಇಳಿಯುವಷ್ಟರಲ್ಲಿ ತಾವು ಯಾವ ಪಕ್ಷದವರು ಎಂಬುದು ಅವರಿಗೆ ತಿಳಿಯುತ್ತದೆ.

ಈ ಎರಡು ಪಕ್ಷಗಳಿಗೆ ಕಾರಣ ಒಂದೇ ತಂಡ, ಪಂಚವಟಿಯ ಹುಡುಗಿಯರ ಫುಟ್‌ಬಾಲ್ ತಂಡ. ಅಕ್ಕಪಕ್ಕದ ಜಿಲ್ಲೆಗಳ ಎಂಟು ತಂಡಗಳು ಆಡುವ ಲೀಗಿನಲ್ಲಿ ಅದು ಅಲ್ಲಿಯವರೆಗೆ ಆರು ಪಂದ್ಯ ಆಡಿತ್ತು. ಆರರಲ್ಲಿ ಒಂದೂ ಗೋಲು ಬಿಟ್ಟುಕೊಟ್ಟಿರಲಿಲ್ಲ. ಆರರಲ್ಲಿ ಒಂದೂ ಗೋಲು ಹೊಡೆದಿರಲಿಲ್ಲ. ತಂಡದ ಇಡೀ ವರ್ಷದ ಸಾಧನೆಯನ್ನು ಬರೆಯಲು ಒಂದೇ ಅಂಕಿ ಸಾಕಾಗಿತ್ತು, ಅದೂ ಸೊನ್ನೆ.

ಡಿಫೆನ್ಸ್ ಪಕ್ಷದ ನಾಯಕರು ಎದುರಿನ ಬ್ಯಾಂಕಿನ ಮ್ಯಾನೇಜರ್ ಪ್ರಭಾಕರ ದೇಶಪಾಂಡೆಯವರು. ವಿಜಯಪುರ ಜಿಲ್ಲೆಯ ಇಂಡಿಯವರು, ವರ್ಗವಾಗಿ ಬಂದವರು, ತಂಡದ ಅಧ್ಯಕ್ಷರು. ಬ್ಯಾಂಕಿನವರಾದ್ದರಿಂದ ಏನೂ ಕಳೆದುಕೊಳ್ಳದಿರುವುದೇ ದೊಡ್ಡ ಗೆಲುವು ಎಂದು ಅವರ ನಂಬಿಕೆ. ಅಟ್ಯಾಕ್ ಪಕ್ಷದ ನಾಯಕರು ಕಲಬುರಗಿಯಿಂದ ತೊಗರಿಬೇಳೆ ತರಿಸಿ ಮಾರುವ ರವಿಕಾಂತ ಪಾಟೀಲರು. ಅವರ ಮಗಳು ಹರ್ಷಿಣಿ ತಂಡದಲ್ಲಿ ಹಿಂದೆ ನಿಂತು ಕಾಯುವ ಡಿಫೆನ್ಸಿನವಳು. ಎಷ್ಟು ಚೆನ್ನಾಗಿ ಕಾದರೂ ಪೇಪರಿನಲ್ಲಿ ಅವಳ ಫೋಟೋ ಬರುವುದಿಲ್ಲ ಎಂಬುದು ತಂದೆಯ ಸಂಕಟ, ಆ ಸಂಕಟವೇ ಅವರ ಫುಟ್‌ಬಾಲ್ ಸಿದ್ಧಾಂತ.

ಎರಡೂ ಬೆಂಚುಗಳಿಗೆ ಸೇರದ ಒಬ್ಬರಿದ್ದರು. ಅದೇ ಬ್ಯಾಂಕಿನ ಕ್ಯಾಶಿಯರ್ ವೈಜನಾಥ ಬಿರಾದಾರರು, ಬೀದರ್ ಜಿಲ್ಲೆಯ ಭಾಲ್ಕಿಯವರು. ಮೂರು ವರ್ಷಗಳಿಂದ ಸಂಜೆ ನಾಲ್ಕೂವರೆಗೆ ಬಂದು ನಿಂತುಕೊಂಡೇ ಚಹಾ ಕುಡಿದು ಹೋಗುತ್ತಿದ್ದರು. ಕೂಡಿರಿ ಎಂದು ಯಾರೂ ಹೇಳಿರಲಿಲ್ಲ. ಫುಟ್‌ಬಾಲ್ ಬಗ್ಗೆ ಅವರಿಗೆ ಗೊತ್ತಿದ್ದುದು ಚೆಂಡು ಗುಂಡಗಿರುತ್ತದೆ ಎಂಬುದಷ್ಟೇ.

ಒಂದು ದಿನ ಲೀಗಿನ ಸಮಿತಿಯಿಂದ ಪತ್ರ ಬಂತು. ಕೊನೆಯ ಪಂದ್ಯ ಛತ್ರಪತಿ ಸಂಭಾಜಿನಗರದಲ್ಲಿ. ಅದು ಮುಗಿಯುವುದರೊಳಗೆ ಒಂದು ಗೋಲಾದರೂ ಹೊಡೆಯದ ತಂಡವನ್ನು ಮುಂದಿನ ವರ್ಷ ಕರೆಯುವುದಿಲ್ಲ, ಪ್ರೇಕ್ಷಕರು ನಿದ್ದೆ ಹೋಗುತ್ತಿದ್ದಾರೆ ಎಂದು ಅದರಲ್ಲಿ ಸಭ್ಯ ಮರಾಠಿಯಲ್ಲಿ ಬರೆದಿತ್ತು. ತಂಡ ಲೀಗಿನಿಂದ ಹೊರಬಿದ್ದರೆ ಹುಡುಗಿಯರ ಮೈದಾನವೂ ಹೋಗುತ್ತದೆ, ಮನೆಯವರು ಕೊಟ್ಟ ಅನುಮತಿಯೂ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ಪ್ರಭಾಕರರು ಆರು ಪಂದ್ಯಗಳಲ್ಲಿ ಒಂದೂ ಗೋಲು ತಿನ್ನದ ತಂಡಕ್ಕೆ ಇಂಥ ಪತ್ರವೇ ಎಂದು ಬಹಳ ಹೊತ್ತು ನೊಂದುಕೊಂಡರು. ಎದುರು ಬೆಂಚಿನಿಂದ ರವಿಕಾಂತರು ಹೇಳಿದರು, “ತಿಂದಿಲ್ಲ ಖರೆ ಅದರಿ ಸಾಹೇಬ್ರ. ಉಣ್ಣೂದೂ ಇಲ್ಲಲ್ಲ. ಟೀಮ್ ಉಪಾಸ ಬಿದ್ದು ಸಾಯ್ಲತ್ತದ.”

ಸಿಟ್ಟಿಗೆದ್ದ ಪ್ರಭಾಕರರು, ಇಷ್ಟು ಮಾತಾಡುವವರಲ್ಲಿ ಒಬ್ಬರಾದರೂ ಎಂದಾದರೂ ಮೈದಾನಕ್ಕಿಳಿದು ಆಡಿದ್ದಾರೆಯೇ ಎಂದು ಕೇಳಿದರು. ಎರಡೂ ಬೆಂಚುಗಳು ಚಹಾದ ಗ್ಲಾಸಿನೊಳಗೆ ನೋಡತೊಡಗಿದವು. ಆಗ ಕಂಬದ ಪಕ್ಕದಿಂದ ಒಂದು ಮೆಲುದನಿ ಬಂತು.

“ನಾ ಆಡೀನ್ರಿ. ಬೀದರ ಜಿಲ್ಲಾ ಟೀಮಿನಾಗ. ನಾಕು ವರ್ಷ ಎಡಗಡಿ ಕಾರ್ನರ್ ನಂದೇ ಇತ್ತರಿ.”

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ವೈಜನಾಥರು ನಿಜವಾಗಿಯೂ ಬೀದರ್ ಜಿಲ್ಲಾ ತಂಡದಲ್ಲಿ ನಾಲ್ಕು ವರ್ಷ ಎಡ ಕಾರ್ನರ್ ಆಗಿದ್ದರು. ಅದು ಕಬಡ್ಡಿ ತಂಡ. ಕಬಡ್ಡಿಯಲ್ಲಿ ಸಾಲಿನ ಎರಡೂ ತುದಿಗೆ ನಿಂತು, ಒಳಗೆ ಬಂದವನ ಕಾಲು ಹಿಡಿದು ಕೆಡವುವವರಿಗೆ ಕಾರ್ನರ್ ಎನ್ನುತ್ತಾರೆ. ಫುಟ್‌ಬಾಲಿನಲ್ಲಿ ಕಾರ್ನರ್ ಎಂದರೆ ಮೈದಾನದ ಮೂಲೆಯಲ್ಲಿ ಚೆಂಡಿಟ್ಟು ಎದುರಾಳಿಯ ಗೋಲಿನ ಮುಂದಕ್ಕೆ ಒದೆಯುವುದು. ಗೋಲು ಹೊಡೆಯಲು ಅದಕ್ಕಿಂತ ಒಳ್ಳೆಯ ಸಂದರ್ಭ ಅಪರೂಪ. ಸಾಹೇಬರು ಕೇಳಿದ್ದು ಆಡಿದ್ದೀರಾ ಎಂದು, ಇವರು ಹೇಳಿದ್ದು ಆಡಿದ್ದೇನೆ ಎಂದು. ಲೋಕದಲ್ಲಿ ಸುಳ್ಳಿನಿಂದ ಆಗುವ ಅನಾಹುತಗಳ ಬಗ್ಗೆ ಬಹಳ ಬರೆದಿದ್ದಾರೆ. ಸತ್ಯದಿಂದ ಆಗುವುದರ ಬಗ್ಗೆ ಅಷ್ಟಾಗಿ ಬರೆದಿಲ್ಲ.

ಪ್ರಭಾಕರರು ಗ್ಲಾಸು ಕೆಳಗಿಟ್ಟರು. ರವಿಕಾಂತರು ಎದ್ದು ನಿಂತರು. ಆ ಅಂಗಡಿಯ ಚರಿತ್ರೆಯಲ್ಲಿ ಮೊದಲ ಬಾರಿಗೆ ಎರಡು ಬೆಂಚುಗಳೂ ಒಟ್ಟಿಗೆ ಸರಿದು ನಡುವೆ ಒಬ್ಬ ಮನುಷ್ಯನಿಗೆ ಜಾಗ ಮಾಡಿಕೊಟ್ಟವು. ಪ್ರೇಮಾಬಾಯಿ ಕೇಳದೆಯೇ ಎರಡನೆಯ ಚಹಾ ಕೊಟ್ಟಳು, ಶುಂಠಿ ಹಾಕಿ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಸಾಹೇಬರು ಕೇಳಿದಾಗ ವೈಜನಾಥರು, ಯಾರೂ ಕೇಳಲಿಲ್ಲವಲ್ಲ ಎಂದರು. ಇದೂ ಸತ್ಯವೇ. ಮರುದಿನ ಹತ್ತು ಗಂಟೆಗೆ ಬ್ಯಾಂಕಿನ ಲೆಟರ್‌ಹೆಡ್ಡಿನ ಮೇಲೆ ಸಮಿತಿಗೆ ಪತ್ರ ಹೋಯಿತು. ತಂಡದ ಅಟ್ಯಾಕ್ ತರಬೇತುದಾರರಾಗಿ ಶ್ರೀ ವಿ. ಬಿರಾದಾರ, ಬೀದರ್ ಜಿಲ್ಲಾ ತಂಡ, ಎಡ ಕಾರ್ನರ್, ನಾಲ್ಕು ವರ್ಷ. ಕೆಳಗೆ ದುಂಡನೆಯ ಸೀಲು.

ಹನ್ನೊಂದಕ್ಕೆ ತಂಡದ ನಾಯಕಿ ಶರ್ವಾಣಿ ಬ್ಯಾಂಕಿಗೆ ಬಂದಳು. ಅವಳ ಅಜ್ಜ ಬಸವಕಲ್ಯಾಣದವರು. ಅವಳು ಹುಟ್ಟಿ ಬೆಳೆದದ್ದು ನಾಸಿಕದಲ್ಲೇ, ಈಗ ಫಾರ್ಮಸಿ ಓದುತ್ತಿದ್ದಳು. ಕ್ಯಾಶ್ ಕೌಂಟರಿನ ಗಾಜಿನ ಕಿಂಡಿಯಲ್ಲಿ ಬಗ್ಗಿ ಅವಳು ಹೇಳಿದ್ದು ಇಷ್ಟು: “ಕಾಕಾ, ನನಗ ಕನ್ನಡ ಸಮಜತದ, ಬೋಲಾಕ ಥೋಡಾ ಗಡಬಡ ಆಗತದ. ತುಮ್ಹಿ ಕಾರ್ನರ್ ಕಲಸ್ರಿ ನಾ. ನಮ್ಮ ಕಾರ್ನರ್ ಒಂದೂ ಗೋಲ್‌ಪರ್ಯಂತ ಹೋಗೂದಿಲ್ಲ.”

ಗೋಲಿನವರೆಗೆ ಕಾರ್ನರ್ ಹೋಗುವುದು ಹೇಗೆ ಎಂದು ವೈಜನಾಥರು ಒಂದು ನಿಮಿಷ ಯೋಚಿಸಿದರು. ಅವರು ಆಡಿದ್ದಾಗ ಕಾರ್ನರ್ ಎಲ್ಲಿಗೂ ಹೋಗುತ್ತಿರಲಿಲ್ಲ, ನಿಂತಲ್ಲೇ ನಿಲ್ಲುತ್ತಿತ್ತು. ಆಗ ಅವರಿಗೆ ಇವರ ಕಾರ್ನರ್ ಬೇರೆ, ತಮ್ಮ ಕಾರ್ನರ್ ಬೇರೆ ಎಂದು ಹೊಳೆಯಿತು. ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಕ್ಯಾಬಿನ್ನಿನ ಬಾಗಿಲಲ್ಲಿ ಸಾಹೇಬರು ನಿಂತು ನೋಡುತ್ತಿದ್ದರು. ಸಾಲಿನಲ್ಲಿದ್ದ ಗ್ರಾಹಕರೂ, ಕೋಚ್ ಅಂತೆ ಎಂದು ಗೌರವದಿಂದ ದಾರಿ ಬಿಟ್ಟಿದ್ದರು. ವೈಜನಾಥರು, ನಾಳೆ ಬೆಳಿಗ್ಗೆ ಆರಕ್ಕೆ ಬರುತ್ತೇನೆ ಎಂದರು.

ಮನೆಯಲ್ಲಿ ಸುದ್ದಿ ಕೇಳಿ ಹೆಂಡತಿ ಭಾಗ್ಯಶ್ರೀ ಮೊದಲು ನಕ್ಕಳು, ಆಮೇಲೆ ಹುಮನಾಬಾದಿನ ತವರಿಗೂ ಸಂಭಾಜಿನಗರದಲ್ಲಿ ಪಿ.ಟಿ. ಮಾಸ್ತರನಾಗಿರುವ ತಮ್ಮನಿಗೂ ಫೋನು ಮಾಡಿದಳು. ತಮ್ಮ ಎತ್ತಲಿಲ್ಲ. ತವರಿನವರು ಎತ್ತಿ, ಅಳಿಯ ದೇವರು ಇಷ್ಟು ದಿನ ಮುಚ್ಚಿಟ್ಟಿದ್ದರಲ್ಲ ಎಂದು ಸಂತೋಷಪಟ್ಟರು. ಅಷ್ಟರಲ್ಲಿ ವೈಜನಾಥರು ಮೊಬೈಲಿನಲ್ಲಿ ಮೂರು ತಾಸು ಫುಟ್‌ಬಾಲ್ ನೋಡಿ ಮುಗಿಸಿದ್ದರು. ಸಟಾಣಾದ ಗ್ರಾಹಕರೊಬ್ಬರು ತಂದುಕೊಟ್ಟಿದ್ದ ಈರುಳ್ಳಿ ಮತ್ತು ದಾಳಿಂಬೆಯನ್ನು ಊಟದ ಟೇಬಲ್ಲಿನ ಮೇಲೆ ಹರವಿ, ಈರುಳ್ಳಿ ಡಿಫೆನ್ಸ್, ದಾಳಿಂಬೆ ಅಟ್ಯಾಕ್ ಎಂದು ವ್ಯೂಹ ರಚಿಸಿದರು. ಮುಖ ತೊಳೆದು ಬರುವಷ್ಟರಲ್ಲಿ ಭಾಗ್ಯಶ್ರೀ ಡಿಫೆನ್ಸಿನ ಇಬ್ಬರನ್ನು ಝುಣಕಕ್ಕೆ ಹೆಚ್ಚಿಬಿಟ್ಟಿದ್ದಳು.

“ರೀ, ಆಟ ಆಮ್ಯಾಲ ಆಡ್ರಿ. ಮೊದಲ ಊಟ ಮಾಡ್ರಿ,” ಎಂದಳು. ಡಿಫೆನ್ಸನ್ನು ಅಷ್ಟು ಸುಲಭವಾಗಿ ಒಡೆಯಬಹುದು ಎಂಬುದು ವೈಜನಾಥರಿಗೆ ಆಗಲೇ ಮನವರಿಕೆಯಾದದ್ದು.

ಬೆಳಿಗ್ಗೆ ಮೈದಾನಕ್ಕೆ ಹೋದಾಗ ಅವರಿಗೆ ಒಂದು ಸಂಗತಿ ಕಾಣಿಸಿತು. ಮೈದಾನದ ಅರ್ಧ ಭಾಗದಲ್ಲಿ ಕುಂಭಮೇಳದ ಕೆಲಸಕ್ಕೆಂದು ತಂದಿಟ್ಟ ದೊಡ್ಡ ದೊಡ್ಡ ಪೈಪುಗಳು ಬಿದ್ದಿದ್ದವು. ಹುಡುಗಿಯರು ಒಂದು ವರ್ಷದಿಂದ ಉಳಿದ ಅರ್ಧದಲ್ಲೇ ಅಭ್ಯಾಸ ಮಾಡುತ್ತಿದ್ದರು. ಹೀಗಾಗಿ ತಮ್ಮ ಗೋಲಿನ ಮುಂದಿನ ಹುಲ್ಲುಕಡ್ಡಿ ಸಹ ಅವರಿಗೆ ಪರಿಚಿತ, ಮಧ್ಯದ ಗೆರೆ ದಾಟಿದರೆ ಪರದೇಶ. ಎರಡೂ ಬೆಂಚುಗಳು ವರ್ಷವಿಡೀ ವಾದಿಸಿದ ಸಮಸ್ಯೆಯ ಮೂಲ ಇಲ್ಲಿ ಬಿಸಿಲಿನಲ್ಲಿ ಬಿದ್ದಿತ್ತು. ಯಾರೂ ನೋಡಿರಲಿಲ್ಲ, ಏಕೆಂದರೆ ಅಭಿಮಾನಿಗಳಲ್ಲಿ ಯಾರೂ ಮೈದಾನಕ್ಕೆ ಬಂದಿರಲಿಲ್ಲ.

ಪೈಪು ತೆಗೆಸಲು ವೈಜನಾಥರು ಸಂಬಂಧಪಟ್ಟ ಕಚೇರಿಗೆ ಹೋದರು. ಅಲ್ಲಿಯ ಅಧಿಕಾರಿ ಬಹಳ ಮರ್ಯಾದೆಯಿಂದ ಕೂಡಿಸಿ, ಪೈಪು ತಂದವರು ಒಂದು ಇಲಾಖೆ, ಇಟ್ಟವರು ಇನ್ನೊಂದು ಇಲಾಖೆ, ತೆಗೆಯಬೇಕಾದವರ ನೇಮಕ ಇನ್ನೂ ಆಗಿಲ್ಲ ಎಂದು ತಿಳಿಸಿದರು. ಬೇಕಾದರೆ ಇನ್ನೂ ನಾಲ್ಕು ಪೈಪು ಇಡಿಸುವುದು ತಮ್ಮ ಕೈಯಲ್ಲಿದೆ ಎಂದರು.

ಆದ್ದರಿಂದ ಪೈಪುಗಳ ನಡುವೆಯೇ ತರಬೇತಿ ಶುರುವಾಯಿತು. ವೈಜನಾಥರಿಗೆ ಗೊತ್ತಿದ್ದ ಆಟ ಒಂದೇ, ಅದನ್ನೇ ಕಲಿಸಿದರು. ಗೆರೆ ದಾಟಿ ಹೋಗಬೇಕು, ಪೈಪುಗಳ ಸಂದಿಯಲ್ಲಿ ಚೆಂಡು ಬಿಡದೆ ನುಗ್ಗಬೇಕು, ಕೊನೆಯ ಪೈಪು ಮುಟ್ಟಬೇಕು, ಅಲ್ಲಿಯವರೆಗೆ ಉಸಿರು ಬಿಡಬಾರದು. ಕಾರ್ನರ್ ಹೊಡೆದು ತೋರಿಸಿರಿ ಎಂದು ಶರ್ವಾಣಿ ಕೇಳಿದಾಗಲೆಲ್ಲ, ಒದೆಯುವುದು ಕೊನೆಯ ಪಾಠ, ನಿಲ್ಲುವುದು ಮೊದಲನೆಯದು ಎಂದು ಪ್ಯಾಂಟು ಮಡಚಿ, ಮೊಣಕಾಲು ಬಗ್ಗಿಸಿ, ಎರಡೂ ಕೈ ಚಾಚಿ ನಿಂತು ತೋರಿಸುತ್ತಿದ್ದರು. ಐವತ್ತೆರಡರ ವಯಸ್ಸಿನಲ್ಲೂ ಆ ನಿಲುವಿನಲ್ಲಿ ಒಂದು ಠೀವಿಯಿತ್ತು. ಗೋಲಿನ ಮುಂದೆ ನಾಲ್ವರು ಕೈ ಕೈ ಹಿಡಿದು ಸರಪಳಿಯಾಗಿ ನಿಲ್ಲುವುದನ್ನೂ ಹೇಳಿಕೊಟ್ಟರು. ಇದು ಯಾವ ದೇಶದ ಪದ್ಧತಿ ಎಂದು ಹರ್ಷಿಣಿ ಕೇಳಿದಾಗ, ಹಳೆಯ ಪದ್ಧತಿ ಎಂದಷ್ಟೇ ಹೇಳಿದರು.

ಎದುರಿನವರ ಮನೆಗೆ ಹೋದ ಮೇಲೆ ಮುಟ್ಟದೆ ತಿರುಗಿ ಬರಬಾರದು ಎಂಬುದು ಅವರ ಮುಖ್ಯ ಸೂತ್ರ. ಮೂರು ವಾರಗಳಲ್ಲಿ ಈ ಸೂತ್ರ ಪಂಚವಟಿಯ ಮನೆಮನೆಗೂ ತಲುಪಿ, ಪ್ರೇಮಾಬಾಯಿ ಹಾಲಿನವನಿಗೂ ಅದನ್ನೇ ಹೇಳತೊಡಗಿದಳು. ವೈಜನಾಥರ ನಡಿಗೆಯೇ ಬದಲಾಯಿತು. ಕೌಂಟರಿನಲ್ಲಿ ಚೆಕ್ಕು ವಾಪಸು ಕೊಡುವಾಗಲೂ, ಧೈರ್ಯವಾಗಿ ಇನ್ನೊಮ್ಮೆ ಬನ್ನಿ ಎನ್ನುತ್ತಿದ್ದರು. ತಾವು ಫುಟ್‌ಬಾಲ್ ಆಡಿಲ್ಲ ಎಂಬುದು ಅವರಿಗೇ ಅಷ್ಟು ಖಚಿತವಾಗಿ ನೆನಪಿರಲಿಲ್ಲ.

ಪಂದ್ಯದ ದಿನ ನಸುಕಿನಲ್ಲೇ ಎರಡು ಟೆಂಪೊ ಹೊರಟವು, ಒಂದರಲ್ಲಿ ತಂಡ, ಇನ್ನೊಂದರಲ್ಲಿ ಅಭಿಮಾನಿಗಳು. ಭಾಗ್ಯಶ್ರೀ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಳು. ದೌಲತಾಬಾದಿನಲ್ಲಿ ಸೀತಾಫಲ ಕೊಳ್ಳಲು ಗಾಡಿ ನಿಂತಾಗ ಕೋಟೆಯನ್ನು ತೋರಿಸಿ ಪ್ರಭಾಕರರು ಭಾಷಣ ಮಾಡಿದರು. ಕಂದಕ ನೋಡಿರಿ, ಬಾಗಿಲು ನೋಡಿರಿ, ಒಳಗೆ ಕತ್ತಲೆಯ ದಾರಿ ಇದೆ, ಡಿಫೆನ್ಸ್ ಎಂದರೆ ಇದು. ರವಿಕಾಂತರು ಸೀತಾಫಲದ ಬೀಜ ಉಗುಳಿ, ಆದರೂ ಕೋಟೆ ಬಿತ್ತಲ್ಲ ಎಂದರು. ಗೋಡೆ ಒಡೆದು ಬೀಳಲಿಲ್ಲ, ಧಾನ್ಯದ ಚೀಲ ಅಂತ ಇಟ್ಟದ್ದರಲ್ಲಿ ಉಪ್ಪು ತುಂಬಿತ್ತಂತೆ, ಒಳಗಿನವರು ಉಣ್ಣಲಿಕ್ಕಿಲ್ಲದೆ ಸೋತರಂತೆ ಎಂದರು. ಸೀತಾಫಲ ಮಾರುವವಳು ಇಬ್ಬರ ಮಾತೂ ಕೇಳಿ, ಕೋಟೆ ನೋಡಲು ಟಿಕೆಟ್ಟು ಬೇಕು, ಬೈಯಲು ಬೇಡ ಎಂದಳು.

ಮೈದಾನದಲ್ಲಿ ಟೇಬಲ್ಲು ಹಾಕಿಕೊಂಡು ಸಮಿತಿ ನೇಮಿಸಿದ ಪಂದ್ಯದ ವೀಕ್ಷಕರೊಬ್ಬರು ಕಾಗದಪತ್ರ ನೋಡುತ್ತಿದ್ದರು. ವೈಜನಾಥರು ಹತ್ತಿರ ಹೋದರು, ಮುಖ ನೋಡಿದರು, ನಿಂತುಬಿಟ್ಟರು. ಅವನು ಶರಣಬಸವ, ಭಾಗ್ಯಶ್ರೀಯ ತಮ್ಮ, ಫೋನು ಎತ್ತದಿದ್ದ ಪಿ.ಟಿ. ಮಾಸ್ತರ.

ಶರಣಬಸವ ಬ್ಯಾಂಕಿನ ಸೀಲಿದ್ದ ಪತ್ರವನ್ನು ಓದಿದ. ಇನ್ನೊಮ್ಮೆ ಓದಿದ. ಮೆಲ್ಲಗೆ ಬಗ್ಗಿ ತನ್ನ ಬಲಗಾಲಿನ ಕಣಕಾಲು ಸವರಿಕೊಂಡ. ಆಮೇಲೆ ಪಿ.ಟಿ. ಮಾಸ್ತರರಿಗೆ ದೇವರು ಕೊಟ್ಟಿರುವ ದನಿಯಲ್ಲಿ ಕೇಳಿದ, “ಮಾವಾರ, ಈ ಕಾರ್ನರ್ ಕಬಡ್ಡಿದಲ್ಲೇನ್ರಿ? ಹುಮನಾಬಾದ ಮ್ಯಾಚಿನಾಗ ನನ್ನ ಕಾಲು ಮುರದದ್ದು ಇದೇ ಕಾರ್ನರ್ ಅಲ್ಲೇನ್ರಿ?”

ಎರಡೂ ಬೆಂಚಿನವರು ಸಾಲಾಗಿ ನಿಂತು ಕೇಳಿಸಿಕೊಂಡರು. ಭಾಗ್ಯಶ್ರೀ ರೊಟ್ಟಿಯ ಬುತ್ತಿಯನ್ನು ಎದೆಗೆ ಅವುಚಿಕೊಂಡಳು. ವೈಜನಾಥರು ಕೈಜೋಡಿಸಿ, ಹೌದು, ತಪ್ಪಾಯಿತು, ತಾವು ಜನ್ಮದಲ್ಲಿ ಫುಟ್‌ಬಾಲ್ ಆಡಿಲ್ಲ ಎಂದು ಒಪ್ಪಿಕೊಂಡರು.

ಆದರೆ ತಪ್ಪೊಪ್ಪಿಗೆಗೂ ತೆಗೆದುಕೊಳ್ಳುವವರು ಬೇಕಲ್ಲ. ಪತ್ರದ ಕೆಳಗೆ ಸೀಲು ಒತ್ತಿ ಸಹಿ ಮಾಡಿದವರು ಪ್ರಭಾಕರರು. ಬ್ಯಾಂಕಿನಲ್ಲಿ ಇಪ್ಪತ್ತೆಂಟು ವರ್ಷ ಕಳೆದವರಿಗೆ, ಸಹಿ ಮಾಡಿದ ಮೇಲೆ ತಪ್ಪು ಹುಡುಕಬಾರದು ಎಂಬುದು ರಕ್ತಗತವಾಗಿರುತ್ತದೆ. ಅವರು ಗಂಭೀರವಾಗಿ ಮುಂದೆ ಬಂದು, ಇದು ತಮಗೆ ಮೊದಲೇ ಗೊತ್ತಿತ್ತು, ಕಬಡ್ಡಿಯವರು ಬೇಕೆಂದೇ ಆರಿಸಿದ್ದು, ದೊಡ್ಡ ಊರುಗಳಲ್ಲಿ ಈಗ ಹೀಗೆಯೇ ಮಾಡುತ್ತಾರೆ ಎಂದರು. ರವಿಕಾಂತರೂ ಅದು ತಮ್ಮದೇ ಸಲಹೆ ಎಂದರು. ಶರಣಬಸವನು ಪತ್ರದಲ್ಲಿ ಆಟದ ಹೆಸರು ಎಲ್ಲಿಯೂ ಬರೆದಿಲ್ಲ, ಆದ್ದರಿಂದ ಸುಳ್ಳೂ ಇಲ್ಲ ಎಂದು ಕಂಡುಕೊಂಡು ಪಾಸು ಮಾಡಿದ. ಸಂಬಂಧಿಕರ ಪರ ಪಕ್ಷಪಾತ ಮಾಡಿದನೆಂಬ ಮಾತು ಬರಬಾರದೆಂದು ತನ್ನ ಕುರ್ಚಿಯನ್ನು ನಾಸಿಕದವರಿಂದ ಎರಡಡಿ ದೂರ ಹಾಕಿಸಿಕೊಂಡ.

ವೈಜನಾಥರಿಗೆ ಸಮಾಧಾನವಾಗಲಿಲ್ಲ. ಬೂಟು ಕಟ್ಟಿಕೊಳ್ಳುತ್ತಿದ್ದ ಹುಡುಗಿಯರ ಬಳಿ ಹೋಗಿ, ತಾವು ಕಲಿಸಿದ್ದು ಫುಟ್‌ಬಾಲ್ ಅಲ್ಲ, ಇಂದು ಗೋಲಾಗದಿದ್ದರೆ ತಂಡ ಮುಳುಗುತ್ತದೆ, ಅದಕ್ಕೆ ತಾವೇ ಕಾರಣ ಎಂದು ಹೇಳಿದರು. ಶರ್ವಾಣಿ ಲೇಸು ಎಳೆದು ಗಂಟು ಹಾಕಿದಳು.

“ಕಾಕಾ, ಪೈಲಾ ದಿವಸೇ ಸಮಜಿತ್ತು. ನೀವು ಬಾಲ್ ಕೈಲೆ ಎತ್ತಿಕೊಂಡು ಬಂದಿದ್ರಿ. ಆದ್ರ ಆಜ್ ತನಕ ಎಲ್ಲರೂ ನಮಗ ಗೋಲ್ ತಿನಬ್ಯಾಡ್ರಿ ಅಂತಲೇ ಹೇಳಿದ್ರು. ಅವರ ಮನಿಗೆ ಹೋಗ್ರಿ ಅಂದವರು ತುಮ್ಹಿ ಒಬ್ಬರೇ.”

ಅಷ್ಟು ಹೇಳಿ ಅವಳು ಮೈದಾನಕ್ಕೆ ಓಡಿದಳು. ವೈಜನಾಥರು ಕನ್ನಡಕ ತೆಗೆದು ಒರೆಸಿಕೊಂಡರು. ಧೂಳು ಬಹಳ ಇತ್ತು ಎಂದು ಭಾಗ್ಯಶ್ರೀಗೆ ಹೇಳಿದರು.

ಪಂದ್ಯ ಶುರುವಾಗಿ ಹತ್ತು ನಿಮಿಷಕ್ಕೆ ಎರಡೂ ಬೆಂಚಿನವರಿಗೆ ತಮ್ಮ ತಂಡದ ಗುರುತೇ ಸಿಗದಾಯಿತು. ಪಂಚವಟಿಯ ಹುಡುಗಿಯರು ಗೆರೆ ದಾಟುತ್ತಿದ್ದರು. ಪೈಪುಗಳ ನಡುವೆ ನುಗ್ಗಿ ಕಲಿತವರಿಗೆ ಎದುರಿನ ಆಟಗಾರ್ತಿಯರು ಅಷ್ಟು ದೊಡ್ಡ ಅಡ್ಡಿ ಅನ್ನಿಸಲಿಲ್ಲ. ಪೈಪು ಸರಿಯುವುದಿಲ್ಲ, ಮನುಷ್ಯರಾದರೆ ಸರಿಯುತ್ತಾರೆ. ಆದರೂ ಒಂದು ಚೆಂಡು ಕಂಬಕ್ಕೆ ಬಡಿಯಿತು, ಒಂದು ಎದುರಿನ ಗೋಲ್‌ಕೀಪರಿನ ಕೈಗೆ ಸಿಕ್ಕಿತು, ಒಂದು ಪಕ್ಕದ ರಸ್ತೆಯಲ್ಲಿ ಹೋಗುತ್ತಿದ್ದ ರಿಕ್ಷಾದೊಳಗೆ ಕೂತು ಸಾಕಷ್ಟು ದೂರ ಹೋಗಿಬಂತು. ಎಂಬತ್ತೈದು ನಿಮಿಷವಾದರೂ ಸೊನ್ನೆ, ಸೊನ್ನೆ.

ಎಂಬತ್ತಾರನೆಯ ನಿಮಿಷಕ್ಕೆ ಎಡಗಡೆ ಒಂದು ಕಾರ್ನರ್ ಸಿಕ್ಕಿತು. ಶರ್ವಾಣಿ ಚೆಂಡಿಟ್ಟಳು. ಗೋಲಿನ ಮುಂದೆ ನಾಲ್ವರು ಹುಡುಗಿಯರು ಮೊಣಕಾಲು ಬಗ್ಗಿಸಿ, ಕೈ ಕೈ ಹಿಡಿದು ಸರಪಳಿಯಾದರು. ರೆಫ್ರಿ ಸೀಟಿ ಊದಿ ಆಟ ನಿಲ್ಲಿಸಿದರು. ಇದೇನು ಎಂದು ಕೇಳಿದರು. ಎದುರು ತಂಡದವರು ದೂರಿದರು. ರೆಫ್ರಿ ವೀಕ್ಷಕರ ಬಳಿ ಹೋದರು. ಶರಣಬಸವ ನಿಯಮದ ಪುಸ್ತಕ ತೆರೆದು ಬೆರಳಿಟ್ಟು ಓದಿದ. ಎದುರಿನವರನ್ನು ಹಿಡಿಯಬಾರದು ಎಂದು ಬರೆದಿದೆ, ತಮ್ಮವರ ಕೈ ತಾವು ಹಿಡಿಯಬಾರದು ಎಂದು ಎಲ್ಲಿಯೂ ಬರೆದಿಲ್ಲ ಎಂದ.

ಆಟ ಮುಂದುವರಿಯಿತು. ಎದುರು ತಂಡದ ಕಣ್ಣೆಲ್ಲ ಆ ಸರಪಳಿಯ ಮೇಲೆ. ಅದು ಬಲಕ್ಕೆ ಸರಿದರೆ ಅವರೂ ಬಲಕ್ಕೆ, ಎಡಕ್ಕೆ ಸರಿದರೆ ಅವರೂ ಎಡಕ್ಕೆ. ಅಷ್ಟರಲ್ಲಿ ತನ್ನ ಜಾಗ ಬಿಟ್ಟು ಅರವತ್ತು ಹೆಜ್ಜೆ ಉಸಿರು ಹಿಡಿದು ಓಡಿಬಂದವಳು ಹರ್ಷಿಣಿ. ಶರ್ವಾಣಿ ಒದ್ದ ಚೆಂಡು ಸರಪಳಿಯ ಮೇಲೆ ಹಾದು ಅವಳ ಮೊಣಕಾಲಿಗೆ ಬಡಿದು ಒಳಗೆ ಹೋಯಿತು. ಗೋಲಾದದ್ದು ಮೊದಲು ತಿಳಿದದ್ದು ಎದುರಿನವರಿಗೆ. ನಮ್ಮವರಿಗೆ ಅಭ್ಯಾಸವಿರಲಿಲ್ಲ.

ಮುಂದಿನ ನಾಲ್ಕು ನಿಮಿಷ ಹಳೆಯ ಡಿಫೆನ್ಸ್ ಸಾಕಾಯಿತು. ಒಂದು, ಸೊನ್ನೆ. ಪ್ರಭಾಕರರು ಮತ್ತು ರವಿಕಾಂತರು ತಬ್ಬಿಕೊಂಡರು. ಶರಣಬಸವ ಎರಡಡಿ ದೂರದಿಂದಲೇ ಅಕ್ಕನ ಗಂಡನಿಗೆ ಕೈಮುಗಿದ. ಸಮಿತಿಯ ಕಾರ್ಯದರ್ಶಿ ಬಂದು, ಮುಂದಿನ ವರ್ಷಕ್ಕೆ ತಂಡದ ಹೆಸರು ಬರೆದುಕೊಂಡಾಯಿತು ಎಂದು ಹೇಳಿಹೋದರು.

ವಾಪಸು ದಾರಿಯಲ್ಲಿ ಈ ಒಗ್ಗಟ್ಟು ವೈಜಾಪುರದವರೆಗೂ ಬಾಳಲಿಲ್ಲ. ಖುಷಿಗೆ ತಂಡವೂ ಅಭಿಮಾನಿಗಳೂ ಒಂದೇ ಗಾಡಿಯಲ್ಲಿ ಒತ್ತಿಕೊಂಡು ಕೂತಿದ್ದರು. ಪ್ರಭಾಕರರು ಕಿಟಕಿಯ ಆಚೆ ನೋಡುತ್ತ, ಗೋಲು ಹೊಡೆದವಳು ಡಿಫೆನ್ಸಿನವಳು ಎಂಬುದನ್ನು ಗಮನಿಸಬೇಕು, ಅಟ್ಯಾಕಿನ ಲೆಕ್ಕ ಇನ್ನೂ ಸೊನ್ನೆಯೇ ಎಂದರು. ರವಿಕಾಂತರು ಕೆರಳಿದರು. ಮಗಳು ಗೆರೆ ದಾಟಿದ ಕ್ಷಣದಿಂದ ಅಟ್ಯಾಕ್ ಆದಳು, ಕಲಬುರಗಿಯ ತೊಗರಿ ನಾಸಿಕಕ್ಕೆ ಬಂದ ಮೇಲೆ ನಾಸಿಕದ ಅಂಗಡಿಯದಾಗುವುದಿಲ್ಲವೇ ಎಂದರು. ತೊಗರಿ ಎಲ್ಲಿಗೆ ಹೋದರೂ ಕಲಬುರಗಿಯದೇ, ಹಾಗೆಂದೇ ಅಲ್ಲವೇ ನೀವು ಮಾರುವುದು ಎಂದು ಪ್ರಭಾಕರರು ಕೇಳಿದರು. ಆ ಮೊಣಕಾಲು ಯಾವ ಪಕ್ಷದ್ದು ಎಂಬುದರ ಮೇಲೆ ಯೇವಲಾ ಬರುವವರೆಗೆ ಚರ್ಚೆಯಾಯಿತು. ಕೊನೆಗೆ ಕೋಚರೇ ತೀರ್ಪು ಹೇಳಲಿ ಎಂದಾಯಿತು.

ವೈಜನಾಥರು ಬಾಯಿ ತೆರೆಯುವ ಮೊದಲೇ, ನಿದ್ದೆಯಿಂದ ಎದ್ದ ಹರ್ಷಿಣಿ ಮೊಣಕಾಲಿನ ಮೇಲಿನ ಐಸ್ ಚೀಲ ಸರಿಮಾಡಿಕೊಳ್ಳುತ್ತ ಹೇಳಿದಳು, “ಪಪ್ಪಾ, ನಮಗ ಪ್ರಾಕ್ಟೀಸಿಗೆ ಎದುರಿನ ಟೀಮೇ ಇಲ್ಲ. ನಿಮ್ಮ ದೋನೂ ಬೆಂಚ್ ಕೂಡಿಸಿದರ ಬರೋಬ್ಬರಿ ಹನ್ನೊಂದು ಮಂದಿ ಆಗ್ತೀರಿ. ನಾಳೆ ಮುಂಜಾನೆ ಆರಕ್ಕ ಬರ್ರಿ.”

ಎರಡೂ ಬೆಂಚಿನವರು ತಂತಮ್ಮ ಹೊಟ್ಟೆ ನೋಡಿಕೊಂಡರು. ಬರುತ್ತೇವೆ ಎಂದು ಮೊದಲು ಹೇಳಿದವರು ವೈಜನಾಥರು.

ಮರುದಿನ ಬೆಳಿಗ್ಗೆ ಪ್ರಭಾಕರರು ಆಫೀಸಿನ ಬೂಟಿನಲ್ಲಿ, ರವಿಕಾಂತರು ಬರ್ಮುಡಾದಲ್ಲಿ, ಉಳಿದವರು ತಮಗೆ ತೋಚಿದ ವೇಷದಲ್ಲಿ ಮೈದಾನಕ್ಕಿಳಿದರು. ನೋಡಲು ಪ್ರೇಮಾಬಾಯಿ ಅಂಗಡಿ ಅರ್ಧ ತಾಸು ತಡವಾಗಿ ತೆರೆದಳು. ಭಾಗ್ಯಶ್ರೀ ಅಯೋಡೆಕ್ಸ್ ಹಿಡಿದು ಗೆರೆಯ ಹೊರಗೆ ಕೂತಳು. ಪ್ರಭಾಕರರು ಗೋಲಿನ ಮುಂದೆ ಕಂದಕದಂತೆ ನಿಂತರು, ಚೆಂಡು ಅವರ ಕಾಲುಗಳ ನಡುವಿನ ಬಾಗಿಲಿನಿಂದ ಹೋಯಿತು. ರವಿಕಾಂತರು ಅಟ್ಯಾಕ್ ಮಾಡಲು ಓಡಿ ಪೈಪಿನೊಳಗೆ ಹೊಕ್ಕು ಆಚೆ ಕಡೆಯಿಂದ ಹೊರಬಂದರು, ಚೆಂಡು ಈಚೆ ಕಡೆ ಉಳಿದಿತ್ತು. ಅರ್ಧ ಆಟಕ್ಕೆ ಹುಡುಗಿಯರು ಎಂಟು ಗೋಲು ಹೊಡೆದರು. ಮುಗಿಯುವಾಗ ಗೋಲು ಹನ್ನೊಂದಾಗಿತ್ತು.

ಆಟ ಮುಗಿದು ಎರಡೂ ಪಕ್ಷದವರು ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದರು. ಮೊದಲ ಬಾರಿಗೆ ಯಾರಲ್ಲೂ ವಾದಿಸಲು ಉಸಿರಿರಲಿಲ್ಲ. ವೈಜನಾಥರು ಮಾತ್ರ ಎದ್ದು ಕೂತು, ಬೆವರು ಒರೆಸಿಕೊಂಡು, ಬೆರಳು ಮಡಚಿ ಎಣಿಸಿದರು.

“ಸಾಹೇಬ್ರ, ಘಾಬ್ರಿ ಆಗಬ್ಯಾಡ್ರಿ. ಮೊದಲನೇ ಅರ್ಧದಾಗ ಎಂಟು ತಿಂದೀವಿ. ಎರಡನೇ ಅರ್ಧದಾಗ ಮೂರೇ. ನಮ್ಮ ಡಿಫೆನ್ಸ್ ಸುಧಾರಸ್ಲತ್ತದ.”

ಪ್ರಭಾಕರರು ಮಲಗಿದಲ್ಲೇ ತಲೆಯಾಡಿಸಿದರು. ರವಿಕಾಂತರೂ ಒಪ್ಪಿದರು. ಎರಡನೆಯ ಅರ್ಧದಲ್ಲಿ ಆರು ಹುಡುಗಿಯರು ಕಾಲೇಜಿಗೆ ತಡವಾಯಿತೆಂದು ಹೊರಟುಹೋಗಿದ್ದರು ಎಂಬುದನ್ನು ಅಲ್ಲಿದ್ದ ಹನ್ನೊಂದು ಜನರಲ್ಲಿ ಒಬ್ಬರೂ ಎತ್ತಲಿಲ್ಲ.